ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ

ಬಸ್ಸಿನ ಕಂಬಿ ಮುಟ್ಟಿ ಕೊರೊನಾ ಅಂಟಬಹುದಿತ್ತು. ಮಗಳು ಮಾಸ್ಕ್ ಇಳಿಸಿ ಮೂಗು ತುರಿಸಿಕೊಳ್ಳಬಹುದಿತ್ತು. ಪೊಲೀಸರು ತಡೆದು, ಇದೇನು ಅಂಥ ಅಗತ್ಯದ ಪ್ರಯಾಣ ಎಂದು ಕೇಳಬಹುದಿತ್ತು. ನನಗೆ ಕೆಮ್ಮು ಬಂದು ಇಡೀ ಬಸ್ಸು ತಿರುಗಿ ನೋಡಬಹುದಿತ್ತು. ಪೇಟೆಯಲ್ಲಿ ಮೆರವಣಿಗೆಯಿದ್ದು, ಅದರಲ್ಲಿದ್ದವರ ಕಣ್ಣಿಗೆ ನಾವು ಬೀಳಬಹುದಿತ್ತು. ಆ ಶನಿವಾರ ಮನೆ ಬಿಡುವ ಮೊದಲೇ ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಚಿಂತೆಯ ವಿಷಯದಲ್ಲಿ ನಾನು ಬಹಳ ಶಿಸ್ತಿನ ಮನುಷ್ಯ. ಆದರೆ ದೆವ್ವ, ಅಶರೀರವಾಣಿ ಇಂಥವನ್ನು ಮಾತ್ರ ಎಂದೂ ಪಟ್ಟಿಗೆ ಸೇರಿಸಿದವನಲ್ಲ. ಅಂಥ ಕಥೆ ಹೇಳುವವರನ್ನು 'ಅವತ್ತು ಊಟಕ್ಕೆ ಏನಿತ್ತು?' ಎಂದು ಕೇಳಿ ನಗುತ್ತಿದ್ದೆ. ಈಗ ನೀವು ನನ್ನನ್ನು ಕೇಳಬಹುದು. ಚಿತ್ರಾನ್ನ.

ಕೊರೊನಾದ ಎರಡನೆಯ ವರ್ಷ. ನಾನು ಈ ಪರದೇಶದ ಕಾರ್ಕ್ ನಗರದ ಹತ್ತಿರ, ರಿಂಗಾಸ್ಕಿಡಿ ಎಂಬ ಬಂದರಿನ ಔಷಧ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಿದ್ದೆ. ಮೊದಲನೆಯ ಲಾಕ್‌ಡೌನಿನಲ್ಲಿ ನಮ್ಮ ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನರ್ಸುಗಳಿಗೆ ಚಪ್ಪಾಳೆ ತಟ್ಟಿದ್ದರು. ವರ್ಷ ತಿರುಗುವುದರಲ್ಲಿ ಬಸ್‌ಸ್ಟಾಪಿನ ಕಂಬಕ್ಕೆ ಸ್ಟಿಕ್ಕರು ಬಂತು: 'ಈ ನೆಲ ಬಿಳಿಯರದ್ದು.' ಜನರ ಕೆಲಸ ಹೋಗಿತ್ತು, ಬಾಡಿಗೆ ಏರಿತ್ತು, ಸತ್ತವರ ಮುಖ ನೋಡಲೂ ಆಗುತ್ತಿರಲಿಲ್ಲ. ಸಿಟ್ಟಿಗೆ ಒಂದು ವಿಳಾಸ ಬೇಕಿತ್ತು, ಯಾರೋ ನಮ್ಮಂಥವರ ಮನೆಯದ್ದು ಬರೆದುಕೊಟ್ಟರು. ಮಾಸ್ಕ್ ಬೇಡ ಎಂದು ಹೊರಟ ಮೆರವಣಿಗೆ, ನೋಡನೋಡುತ್ತ ಹೊರಗಿನವರು ಬೇಡ ಎನ್ನುವಲ್ಲಿಗೆ ಬಂದು ನಿಂತಿತು. ಒಮ್ಮೆ ಆ ಸ್ಟಿಕ್ಕರು ಕೀಳಲು ಹೋಗಿ, ಕ್ಯಾಮೆರಾ ಇದ್ದರೆ ಎಂದು ಕೈ ಜೇಬಿಗೆ ಹಾಕಿಕೊಂಡೆ. ಬೆಂಗಳೂರಿನಲ್ಲಿದ್ದಾಗ 'ಹೊರಗಿನವರು ಬಂದು ಊರು ಕೆಡಿಸಿದರು' ಎಂದು ಕಾಫಿ ಹೀರುತ್ತ ನಾನೇ ಅಂದಿದ್ದು ಬೇರೆ ನೆನಪಾಗಿ, ಸಿಟ್ಟು ಮಾಡಿಕೊಳ್ಳುವ ಹಕ್ಕೂ ಇಲ್ಲದಂತಾಗಿತ್ತು.

ಅವತ್ತು ಕಾರು ಗ್ಯಾರೇಜಿನಲ್ಲಿತ್ತು, ಮಗಳು ಪೂರ್ವಿಯ ಕನ್ನಡಕ ಮುರಿದಿತ್ತು. ಅವಳಿಗೆ ಹನ್ನೆರಡು, ಕಾರ್ಕ್‌ನಲ್ಲೇ ಹುಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಕಾರ್ಕ್‌ನ ರಾಗದಲ್ಲಿ. ಕನ್ನಡಕ ರಿಪೇರಿ ಮಾಡಿಸಿಕೊಂಡು ಪೇಟೆಯಿಂದ ಹಿಂತಿರುಗುವ ಬಸ್ಸು ಹತ್ತಿದೆವು. ಮಧ್ಯಾಹ್ನ ಮೂರು ಗಂಟೆ, ಒಳ್ಳೆಯ ಬಿಸಿಲು. ಆಗ ಒಂದು ಬಿಟ್ಟು ಒಂದು ಸೀಟಿಗೆ ಕೂರಬಾರದೆಂದು ಅಡ್ಡ ಪಟ್ಟಿ ಅಂಟಿಸಿರುತ್ತಿದ್ದರು. ನಮ್ಮ ಹಿಂದಿನದೂ ಅಂಥದೇ.

ಮುಂದಿನ ಸ್ಟಾಪಿನಲ್ಲಿ, ಸುತ್ತಿದ ಬಾವುಟ ಕಂಕುಳಲ್ಲಿ ಇಟ್ಟುಕೊಂಡು ಒಬ್ಬ ಹತ್ತಿದ. ಮಾಸ್ಕ್ ಇಲ್ಲ. ತೋಟದ ಸೇಬು ತಂದುಕೊಡುವ ನೆರೆಯವನ ಹಾಗೆ ಸಾಧು ಮುಖ. ಮುಂದಿನ ಪಟ್ಟಿಯ ಸೀಟಿನಲ್ಲೇ ಅಡ್ಡ ಕೂತು, ಯಾವ ಊರು ಎಂದು ಪೂರ್ವಿಯನ್ನು ಕೇಳಿದ.

"ಇಲ್ಲಿಯವಳೇ."

"ಅದಲ್ಲ, ನಿಜವಾಗಿ ಎಲ್ಲಿಯವಳು?"

ಅವನು ನಕ್ಕ. "ಸರಿಯಾದ ಬಸ್ಸೇ ಹತ್ತಿದ್ದೀರಿ ಬಿಡಿ, ಇದು ಬಂದರಿಗೇ ಹೋಗುತ್ತೆ. ಹಾಗೇ ಹಡಗು ಹತ್ತಿಬಿಡಿ. ಈ ದೇಶ ನಿಮ್ಮ ಬಣ್ಣದವರದ್ದಲ್ಲ."

ಬಸ್ಸಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೂ ಕಾಣುತ್ತಿರಲಿಲ್ಲ ಅನ್ನಿ. ಪೂರ್ವಿಯ ತಲೆ ತಗ್ಗುತ್ತ ತಗ್ಗುತ್ತ ಗದ್ದ ಎದೆಗೆ ತಾಗಿತು. ಎಂದೂ ಕನ್ನಡದಲ್ಲಿ ಉತ್ತರಿಸದವಳು ಪಿಸುಗುಟ್ಟಿದಳು: "ಅಪ್ಪಾ, ಏನಾದ್ರೂ ಹೇಳು." ಅವಳಪ್ಪ ಫೋನಿನಲ್ಲಿ ನಾಳೆಯ ಹವಾಮಾನ ನೋಡುತ್ತಿದ್ದ.

ಆಗ ನಮ್ಮ ಬೆನ್ನ ಹಿಂದಿನಿಂದ ಆ ದನಿ ಬಂತು. ಗಟ್ಟಿಯಾಗಿ, ಆದರೆ ಮಾಸ್ಕಿನೊಳಗಿಂದ ಬಂದ ಹಾಗೆ. "ತಲಿ ಯಾಕ ಕೆಳಗ ಹಾಕ್ತಿ ಕೂಸ? ಮ್ಯಾಲೆ ನೋಡು. ನಾವ್ ಅದೀವಲ್ಲ ಇಲ್ಲೆ."

ಪೂರ್ವಿ ತಲೆ ಎತ್ತಿ ಅವನನ್ನು ನೆಟ್ಟಗೆ ನೋಡಿದಳು. ಅವನು ಅವಳನ್ನು ನೋಡಲಿಲ್ಲ; ನಮ್ಮ ತಲೆಯ ಮೇಲಿಂದ, ಹಿಂದೆ ಏನನ್ನೋ ನೋಡಿದ. ಬಾವುಟ ಎತ್ತಿಕೊಂಡು ಬಾಗಿಲಿಗೆ ಹೋಗಿ ನಿಂತು, ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟ.

ತಿರುಗಿ ನೋಡಿದೆ. ಹಿಂದೆ ಖಾಲಿ ಸೀಟು. ಅಡ್ಡ ಪಟ್ಟಿ ಎಲ್ಲೂ ಕಿತ್ತಿರಲಿಲ್ಲ. ಅದರಾಚೆ ತರಕಾರಿ ಚೀಲದ ಬಿಳಿ ಅಜ್ಜಿ, ನಿದ್ದೆ ಹೋದ ಒಬ್ಬ ನರ್ಸು. ಅಜ್ಜಿ ನಮ್ಮ ಸ್ಟಾಪಿನಲ್ಲೇ ಇಳಿದಳು. ನೀವೇನಾದರೂ ಅಂದಿರಾ ಎಂದು ಕೇಳಿದೆ. "ನಾನಾ? ನಾನೇನೂ ಅನ್ನಲಿಲ್ಲಪ್ಪ, ಅದೇ ನನಗೆ ನಾಚಿಕೆ. ಅಂದವನು ನೀನೇ ಅಲ್ಲವಾ? ಏನಂದೆಯೋ ತಿಳಿಯಲಿಲ್ಲ, ಆದರೆ ಶಭಾಷ್, ಫೇರ್ ಪ್ಲೇ ಟು ಯು."

ಭ್ರಮೆ ಅನ್ನೋಣವೆಂದರೆ ಮೂವರಿಗೂ ಕೇಳಿಸಿದೆ. ಭಯದಲ್ಲಿ ನಾನೇ ಅಂದಿರಬಹುದು ಎನ್ನೋಣವೆಂದರೆ, ನಾನು ಮೈಸೂರಿನವನು. ಧಾರವಾಡದ ಕನ್ನಡ ತಮಾಷೆಗೂ ನನ್ನ ನಾಲಿಗೆಗೆ ಹೊರಳುವುದಿಲ್ಲ. ಇಲ್ಲಿಯ ಕನ್ನಡ ಬಳಗದ ವಾಟ್ಸಾಪಿನಲ್ಲಿ ವಿಚಾರಿಸಿದೆ. ಆ ಬಸ್ಸಿನಲ್ಲಿದ್ದವರು ಯಾರೂ ಸಿಗಲಿಲ್ಲ. ಹೆಂಡತಿ ಎಲ್ಲ ಕೇಳಿಸಿಕೊಂಡು, "ನಿಮ್ಮ ಬಾಯಲ್ಲಿ ಅಷ್ಟು ಧೈರ್ಯ ಬಂತು ಅಂದ್ರೆ ಅದು ದೆವ್ವವೇ ಇರ್ಬೇಕು" ಎಂದಳು. ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಇವತ್ತಿಗೂ ಹೊಳೆದಿಲ್ಲ. ಆ ಸ್ಟಿಕ್ಕರುಗಳು ಮಾತ್ರ ಹೆಚ್ಚುತ್ತಲೇ ಇವೆ.

ಕೊರೊನಾ ಅಂಟಲಿಲ್ಲ. ಪೊಲೀಸರು ತಡೆಯಲಿಲ್ಲ. ಕೆಮ್ಮೂ ಬರಲಿಲ್ಲ. ಬಸ್ಸಿಳಿದು ಮನೆಗೆ ನಡೆಯುವಾಗ ಪೂರ್ವಿ ನನ್ನ ಕೈ ಹಿಡಿದುಕೊಂಡಳು. ಹಿಡಿಯುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಮೈಸೂರು ಕನ್ನಡ, ಧಾರವಾಡ ಕನ್ನಡ ಎಂಬ ಭೇದ ಅವಳಿಗೆ ಎಲ್ಲಿಂದ ತಿಳಿಯಬೇಕು? "ಅಪ್ಪಾ, ನೀನೇ ಅಲ್ವಾ ಹಂಗಂದಿದ್ದು?" ಎಂದು ಕೇಳಿದಳು.

ನಾನು ಹೂಂ ಅಂದೆ.