ಕುಣಿಗಲ್ ತಂಗಿಯ ಪಾಲಿಗೆ ಹೋದದ್ದು

ತುಮಕೂರಿನ ಶಿರಾ ಗೇಟ್ ಹತ್ತಿರ ನಮ್ಮದೊಂದು ಪಶು ಆಹಾರದ ಅಂಗಡಿ. ಹಿಂಡಿ, ಬೂಸಾ, ಕಂಪನಿಯ ಫೀಡ್ ಚೀಲಗಳು. ಒಂದು ಫೀಡ್ ಕಂಪನಿಗೆ ಇಡೀ ಜಿಲ್ಲೆಯಲ್ಲಿ ನಾವೇ ಡಿಸ್ಟ್ರಿಬ್ಯೂಟರು. ಕಂಪನಿ ಲಾರಿ ನಮ್ಮ ಗೋಡೌನಿಗೆ ಬರುತ್ತದೆ, ಅಲ್ಲಿಂದ ಸಣ್ಣಪುಟ್ಟ ಊರುಗಳ ಅಂಗಡಿಗಳಿಗೆ ನಮ್ಮ ವ್ಯಾನು ಹೋಗುತ್ತದೆ. ಯಜಮಾನರು ಬ್ಯಾಂಕು, ಲಾರಿ ಅಂತ ಓಡಾಡಿಕೊಂಡಿರುತ್ತಾರೆ. ಗಲ್ಲಾದ ಮೇಲೆ ಕೂರುವವಳು ನಾನು.

ನನ್ನ ತಂಗಿಯನ್ನು ಕುಣಿಗಲ್ ತಾಲೂಕಿನ ಕೊತ್ತಗೆರೆಗೆ ಕೊಟ್ಟಿದ್ದೆವು. ಮನೆಯಲ್ಲಿ ಸುಮ್ಮನೆ ಕೂರಲಾರೆ ಅಂದಾಗ, ಕುಣಿಗಲ್ ಪೇಟೆಯಲ್ಲಿ ಅವಳಿಗೆ ಅಂಗಡಿ ಹಾಕಿಸಿದವಳು ನಾನೇ. ಮೊದಲ ಲೋಡು ನಮ್ಮ ವ್ಯಾನಿನಲ್ಲೇ ಹೋಯಿತು. ಚೀಲ ಹೇಗೆ ಜೋಡಿಸಬೇಕು, ಹೊಸ ಗಿರಾಕಿಯನ್ನು ಹೇಗೆ ಮಾತಾಡಿಸಬೇಕು ಎಲ್ಲ ಹೇಳಿಕೊಟ್ಟೆ. ಎರಡನೆಯದನ್ನು ಹೇಳಿಕೊಡುವ ಅಗತ್ಯವೇ ಇರಲಿಲ್ಲ. ಅವಳು ನಕ್ಕರೆ ಸಾಕು, ಬರೀ ರೇಟು ಕೇಳಲು ಬಂದವರೂ ಚೀಲ ಹೊತ್ತುಕೊಂಡು ಹೋಗುತ್ತಿದ್ದರು. ಗುಬ್ಬಿಯಲ್ಲಿ ಅಣ್ಣನ ಮನೆಯಲ್ಲಿರುವ ನಮ್ಮವ್ವ ಬಂದವರಿಗೆಲ್ಲ ಹೇಳುತ್ತಿದ್ದಳು: "ನಮ್ ಚಿಕ್ಕೋಳ ಕೈಗುಣ ಅಂಗೈತೆ." ದೊಡ್ಡವಳ ಕೈಯಲ್ಲಿ ಏನಿದೆ ಅಂತ ಅವ್ವ ಯಾವತ್ತೂ ಹೇಳಲಿಲ್ಲ.

ಅಷ್ಟರಲ್ಲಿ, ಕುಣಿಗಲ್ ತಾಲೂಕು ನಮ್ಮ ಜಿಲ್ಲೆಯಿಂದ ಬೇರೆಯಾಗಿ ಬೆಂಗಳೂರು ಕಡೆಗೆ ಸೇರುತ್ತಂತೆ ಅನ್ನುವ ಮಾತು ಶುರುವಾಯಿತು. ಆಗುತ್ತೆ ಅನ್ನುವವರು ಎಷ್ಟು ಜನವೋ ಆಗಲ್ಲ ಅನ್ನುವವರೂ ಅಷ್ಟೇ ಜನ. ಆದರೆ ವ್ಯಾಪಾರದವರು ಗಟ್ಟಿ ಸುದ್ದಿಗೆ ಕಾಯುವುದಿಲ್ಲ. ಕುಣಿಗಲ್ ರಸ್ತೆಯಲ್ಲಿ ಸೈಟು ಮಾರುವವರು ರಾತ್ರೋರಾತ್ರಿ ಬ್ಯಾನರಿನಲ್ಲಿ ಬೆಂಗಳೂರಿನ ಹೆಸರು ದೊಡ್ಡದು ಮಾಡಿದರು. ನಮ್ಮ ಪಕ್ಕದ ಹಾರ್ಡ್‌ವೇರ್ ಅಂಗಡಿಯವರು ಅಲ್ಲೊಂದು ಬ್ರಾಂಚ್ ಮಾಡಲು ಜಾಗ ನೋಡಿ ಬಂದರು. ಜಿಲ್ಲಾ ಕಚೇರಿ ಕೆಲಸಕ್ಕೆ ಬರುವ ಕುಣಿಗಲ್ ಜನರನ್ನೇ ನಂಬಿದ್ದ ಊಟದ ಹೋಟೆಲಿನವರು ಮಾತ್ರ ಮುಖ ಸಪ್ಪಗೆ ಮಾಡಿಕೊಂಡಿದ್ದರು. ನನಗೆ ಇದೆಲ್ಲ ತಮಾಷೆಯಾಗಿ ಕಾಣುತ್ತಿತ್ತು. ಹಸು ಯಾವ ಜಿಲ್ಲೆಯಲ್ಲಿದ್ದರೂ ಹಿಂಡಿ ತಿನ್ನುತ್ತದಲ್ಲ.

ಒಂದು ದಿನ ಕಂಪನಿಯ ಏರಿಯಾ ಮ್ಯಾನೇಜರ್ ಅಂಗಡಿಗೆ ಬಂದರು. ಕಾಫಿ ತರಿಸಿದೆ.

"ಮೇಡಂ, ನಮ್ ಹೆಡ್ ಆಫೀಸ್ನಲ್ಲಿ ಏರಿಯಾ ಹಂಚೋದು ಜಿಲ್ಲೆ ಪ್ರಕಾರ. ಕುಣಿಗಲ್ ಬೇರೆ ಆದ್ರೆ ಅಲ್ಲಿಗೆ ಬೇರೆ ಡಿಸ್ಟ್ರಿಬ್ಯೂಟರ್ ಬೇಕಾಗುತ್ತೆ. ಈಗ್ಲೇ ಒಬ್ರನ್ನ ನೋಡಿಟ್ಕೊಳಿ ಅಂದವ್ರೆ."

"ಯಾರನ್ನ ನೋಡಿದೀರಿ?"

"ನಿಮ್ ತಂಗಿಯವರ್ನೇ! ಹೊರಗಿನೋರ್ಗೆ ಕೊಡೋದ್ಕಿಂತ ಮನೆಯವ್ರೇ ಆದ್ರೆ ನಿಮಗೂ ಖುಷಿ ಅಲ್ವಾ?"

"ಅಯ್ಯೋ, ಖುಷಿನೇ ಕಣ್ರೀ," ಅಂತ ನಕ್ಕೆ. ಅವರು ಹೋದ ಮೇಲೆ ನನ್ನ ಲೋಟದ ಕಾಫಿ ಹಾಗೇ ಇತ್ತು. ಕುಡಿಯಲು ಮನಸ್ಸಾಗದೆ ಚೆಲ್ಲಿಬಿಟ್ಟೆ. ಹೊರಗಿನವರು ಯಾರೋ ಆಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಇಷ್ಟು ವರ್ಷ ನನ್ನ ವ್ಯಾನಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದವಳ ಮುಂದೆ ಇನ್ನು ಕಂಪನಿ ಲಾರಿಯೇ ನಿಲ್ಲುತ್ತದೆ. ಮ್ಯಾನೇಜರು ಕಾಫಿ ಕುಡಿಯುವುದು ಅಲ್ಲಿ. ಅವ್ವನಿಗೆ ಹೇಳಿಕೊಳ್ಳಲು ಇನ್ನೊಂದು ಮಾತು ಸಿಕ್ಕಿತು.

ವರ್ತಕರ ಸಂಘದವರು, ಕುಣಿಗಲ್ ನಮ್ಮ ಜಿಲ್ಲೆಯಲ್ಲೇ ಉಳಿಯಲಿ ಅಂತ ಮನವಿ ಕೊಡಲು ಹೊರಟರು. ಸಂಘದ ಮೀಟಿಂಗಿಗೂ ಹೋಗದ ನಾನು ಅವತ್ತು ಎಲ್ಲರಿಗಿಂತ ಮುಂಚೆ ಹೋಗಿ ಸಹಿ ಹಾಕಿದೆ. ಡಿಸಿ ಆಫೀಸಿನ ಮುಂದೆ ಮೊದಲ ಸಾಲಿನಲ್ಲಿ ನಿಂತೆ. "ಕುಣಿಗಲ್ ನಮ್ದು!" ಅಂತ ಯಾರೋ ಕೂಗಿದಾಗ ನನ್ನ ದನಿ ಎಲ್ಲರಿಗಿಂತ ಜೋರಾಗಿತ್ತು. ಪಕ್ಕದಲ್ಲಿದ್ದ ಯಜಮಾನರು ತಿರುಗಿ ನನ್ನ ಮುಖ ನೋಡಿದರು.

ಮಾರನೆಯ ದಿನ ತಂಗಿಯ ಫೋನು ಬಂತು.

"ಅಕ್ಕ, ಪೇಪರ್ನಾಗೆ ನಿನ್ ಫೋಟೋ ಬಂದೈತೆ."

"ಸಂಘದವ್ರು ಕರುದ್ರು, ಹೋಗಿದ್ದೆ. ಜಿಲ್ಲೆ ಒಡದ್ರೆ ವ್ಯಾಪಾರದೋರ್ಗೆಲ್ಲ ತೊಂದ್ರೆ ಕಣೇ."

"ನಮಗೇನು ತೊಂದ್ರೆ ಇಲ್ಲಕ್ಕ. ಇಲ್ಲಿ ನಾವೆಲ್ಲ ಬೇರೆ ಆಗ್ಲಿ ಅಂತ್ಲೇ ಸಹಿ ಹಾಕಿದೀವಿ." ಆಮೇಲೆ ಕೇಳಿದಳು: "ನಿನಗೆ ಹೋಗ್ಬಾರ್ದು ಅನ್ನಿಸಿರೋದು ಕುಣಿಗಲ್ಲಾ, ನಾನಾ?"

"ಗಿರಾಕಿ ಬಂದವ್ರೆ, ಇಡ್ತೀನಿ," ಅಂದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಆ ವಾರ ಗುಬ್ಬಿಗೆ ಲೋಡು ಹೊರಟಾಗ ವ್ಯಾನಿನಲ್ಲಿ ನಾನೂ ಹೋದೆ. ಅವ್ವ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೈ ಹಾಕಿದೆ. ಸುಲಿಯುತ್ತಾ ಸುಲಿಯುತ್ತಾ ಎಲ್ಲ ಹೇಳಿದೆ.

"ಅವಳು ಬೇರೆ ಆದ್ರೆ ನಿಂಗೇನು ಕಮ್ಮಿ ಆಯ್ತದೆ ಬುಡು," ಅಂದಳು ಅವ್ವ. "ಮಿಕ್ಕಿದ್ದೆಲ್ಲ ನಿನ್ ತಾವೇ ಐತಲ್ಲ."

"ಆ ಅಂಗ್ಡಿ ನಾನು ಹಾಕ್ಸಿಕೊಟ್ಟಿದ್ದು ಕಣವ್ವ."

"ಊಂ, ನೀನೇ. ನಡೆಯೋದು ಕಲ್ಸಿದೆ ಅಂತ ಮಗೀನ ಕಾಲು ನಂದು ಅನ್ನಕ್ಕಾಯ್ತದಾ?"

ಕೈಯಲ್ಲಿದ್ದ ಕಾಯಿಗಳನ್ನು ಮೊರಕ್ಕೆ ಎಸೆದು ಎದ್ದುಬಿಟ್ಟೆ. ಅವ್ವ ಹೇಳಿದ್ದು ಸರಿಯಾಗಿತ್ತು. ಅದೇ ನನ್ನನ್ನು ಇನ್ನಷ್ಟು ಉರಿಸಿತು.

ಬರಬರುತ್ತಾ ಜಿಲ್ಲೆಯ ಮಾತು ತಣ್ಣಗಾಯಿತು. ಪೇಪರಿನಲ್ಲಿ ಸುದ್ದಿ ಬರುವುದೂ ಕಮ್ಮಿಯಾಯಿತು. ಸದ್ಯ, ಬದುಕಿದೆ ಅಂದುಕೊಂಡೆ. ಆದರೆ ಕಂಪನಿಯವರು ಮಾಡಿಟ್ಟುಕೊಂಡ ಲೆಕ್ಕ ತಣ್ಣಗಾಗಲಿಲ್ಲ. ಮ್ಯಾನೇಜರು ಮತ್ತೆ ಬಂದರು. "ಇವತ್ತಲ್ಲ ನಾಳೆ ಆಗೋದೇ ಅಲ್ವಾ ಮೇಡಂ? ಅಲ್ಲೀವರೆಗೂ ಯಾಕೆ ಕಾಯ್ಬೇಕು ಅಂತ ಹೆಡ್ ಆಫೀಸ್ನೋರು ಕೊಟ್ಬುಟ್ರು," ಅಂದರು. ಸರ್ಕಾರ ಬೇರೆ ಮಾಡದ ಕುಣಿಗಲ್ಲನ್ನು ಕಂಪನಿ ಬೇರೆ ಮಾಡಿತ್ತು. ಅದು ನನ್ನ ತಂಗಿಗೆ ಹೋಗಿತ್ತು.

ಅವಳ ಹೊಸ ಗೋಡೌನಿನ ಪೂಜೆಗೆ ಹೋಗದಿರಲಾಗಲಿಲ್ಲ. ನನ್ನ ಕೈಯಲ್ಲೇ ದೀಪ ಹಚ್ಚಿಸಿದಳು. "ನಮ್ಮಕ್ಕ ಇಲ್ದಿದ್ರೆ ನಾನೆಲ್ಲಿರ್ತಿದ್ದೆ," ಅಂತ ಬಂದವರ ಮುಂದೆಲ್ಲ ಹೇಳಿದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅದು ಗೊತ್ತಿದ್ದೂ, ಹೊಸದಾಗಿ ಹಾಕಿಸಿದ್ದ ಸಿಮೆಂಟ್ ನೆಲದಲ್ಲಿ ಎಲ್ಲಾದರೂ ಬಿರುಕು ಬಿಟ್ಟಿದೆಯಾ ಅಂತ ನನ್ನ ಕಣ್ಣು ಹುಡುಕುತ್ತಿತ್ತು. ಇರಲಿಲ್ಲ. ಹೋಳಿಗೆ ಚೆನ್ನಾಗಿತ್ತು, ಆದರೂ ಅರ್ಧ ಎಲೆಯಲ್ಲೇ ಬಿಟ್ಟು ಎದ್ದೆ.

ವಾಪಸ್ ಬರುವಾಗ ಕಾರಿನಲ್ಲೇ ಯಜಮಾನರಿಗೆ ಹೇಳಿದೆ: "ಗುಬ್ಬೀಲಿ ನಾವೊಂದು ಅಂಗ್ಡಿ ಹಾಕಣ. ಬರೀ ಲೋಡ್ ಕಳ್ಸೋದಲ್ಲ, ನಾನೇ ಕೂತ್ಕೊಂತೀನಿ."

"ಯಾಕೆ? ತುಮಕೂರು ಸಾಲ್ದಾ?"

"ಸಾಲ್ದು."

ಮಾರನೆಯ ದಿನವೇ ಅವರು ಜಾಗ ಹುಡುಕಲು ಹೊರಟರು. ಗುಬ್ಬಿ ಬಸ್ ಸ್ಟ್ಯಾಂಡಿಗೆ ಹತ್ತಿರವಾಗಿ ದೊಡ್ಡ ಮಳಿಗೆಯೇ ಸಿಕ್ಕಿತು. ತೆಂಗಿನ ತೋಟದವರು, ಹಸು ಕಟ್ಟಿದವರು ಬರತೊಡಗಿದರು. ವಾರದಲ್ಲಿ ಮೂರು ದಿನ ನಾನು ಅಲ್ಲೇ ಕೂರುತ್ತೇನೆ. ಮಧ್ಯಾಹ್ನ ಅವ್ವ ಕ್ಯಾರಿಯರಿನಲ್ಲಿ ಊಟ ಕಳಿಸುತ್ತಾಳೆ.

ಗುಬ್ಬಿ ಅಂಗಡಿಯ ಪೂಜೆಯ ದಿನ ತಂಗಿ ಬಂದಿದ್ದಳು. ಅವ್ವ ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ "ನಮ್ ದೊಡ್ಡೋಳ್ದು," ಅಂತ ಹೇಳುತ್ತಿದ್ದಳು. ತಂಗಿ ಒಳಗೆಲ್ಲ ಓಡಾಡಿದಳು, ಚೀಲದ ಸಾಲುಗಳನ್ನು ನೋಡಿದಳು, ಹಿಂದಿನ ಗೋಡೌನಿನ ಬಾಗಿಲು ತೆಗೆದೂ ನೋಡಿದಳು.

"ನಮ್ದಕ್ಕಿಂತ ದೊಡ್ಡದೈತಲ್ಲಕ್ಕ," ಅಂದಳು. ನಗುತ್ತಲೇ ಅಂದಳು, ಆದರೆ ಕೊನೆಯಲ್ಲಿ ದನಿ ಒಂಚೂರು ಇಳಿಯಿತು.

ಅವಳ ಕೈಗೆ ಎರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಬಡಿಸಿದೆ. ಅವತ್ತು ನಾನೂ ಹೊಟ್ಟೆ ತುಂಬ ಉಂಡೆ.