ಗಾಲಿಯ ಗಾಳಿ

ಗಾಲಿಗೂ ಗಾಳಿಗೂ ನಡುವಿನ ಅಂತರ ನಾಲಿಗೆಯ ಒಂದು ಮಡಿಕೆಯಷ್ಟೇ. ನಾಲಿಗೆಯ ತುದಿಯನ್ನು ಹಲ್ಲಿನ ಹಿಂದೆ ತಾಗಿಸಿದರೆ ಗಾಲಿ ಉರುಳುತ್ತದೆ. ಅದೇ ತುದಿಯನ್ನು ಮಡಚಿ ಅಂಗುಳಕ್ಕೆ ಮುಟ್ಟಿಸಿದರೆ ಗಾಳಿ ಬೀಸುತ್ತದೆ. ಆಳಂದದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದಲ್ಲಿ ಇಷ್ಟು ಸಣ್ಣ ಸಂಗತಿಯನ್ನು ಮಕ್ಕಳ ಬಾಯಲ್ಲಿ ನೆಲೆಗೊಳಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ನೌಕರಿ ಬಿಟ್ಟ ಮೇಲೂ ಆ ಚಟ ನನ್ನನ್ನು ಬಿಟ್ಟಿಲ್ಲ. ಬಸ್ ನಿಲ್ದಾಣದ ಬಳಿ ಟೈರ್ ಅಂಗಡಿಯೊಂದಿದೆ. ಅದರ ಹಲಗೆಯ ಮೇಲೆ ‘ಇಲ್ಲಿ ಗಾಲಿ ತುಂಬಲಾಗುವುದು’ ಎಂದು ಬರೆದಿದೆ. ಒಮ್ಮೆ ತಡೆಯಲಾರದೆ ಅಂಗಡಿಯವನನ್ನು ಕರೆದು, ಗಾಲಿಯನ್ನು ಯಾವುದರೊಳಗೆ ತುಂಬುತ್ತೀಯಪ್ಪಾ ಎಂದು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಕ್ಕೋರ, ಗಾಡಿ ಇದ್ರ ತರ್ರಿ, ಇಲ್ಲಂದ್ರ ನೆಳ್ಳಿಗಿ ಕುಂದರ್ರಿ, ಬಿಸಲು ಭಾಳ ಅದ” ಎಂದ. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ನೌಕರಿ ಹೋದರೂ ಹೆಸರು ಉಳಿಯುತ್ತದೆ. ಬಿಸಿಲಿಗೆ ತಲೆ ತಿರುಗಿದೆ ಎಂಬ ಅನುಮಾನವನ್ನೂ ಅದೇ ಗೌರವದೊಡನೆ ಹೇಳುತ್ತಾರೆ.

ಗಾಲಿಯಿಂದ ಗಾಳಿಯನ್ನು ತೆಗೆಯುವುದೂ ಒಂದು ವಿದ್ಯೆ ಎಂಬುದು ನನಗೆ ತಿಳಿದದ್ದು ಕಾರವಾರದ ಕಡಲ ದಂಡೆಯಲ್ಲಿ. ಶಾಲೆಯ ಪ್ರವಾಸಕ್ಕೆ ಹೋಗಿದ್ದೆವು. ಎಲ್ಲರೂ ಕಡಲನ್ನು ನೋಡುತ್ತಿದ್ದಾಗ ನಾನು ಮರಳಿನಲ್ಲಿ ಹೂತಿದ್ದ ಒಂದು ಜೀಪನ್ನು ನೋಡುತ್ತ ನಿಂತಿದ್ದೆ. ನಾಲ್ಕೂ ಗಾಲಿಗಳಿಗೆ ಎಂಜಿನಿನ ಬಲ ಹೋಗುವ ಜೀಪು. ಆದರೆ ಚಾಲಕ ಬಲ ಕೊಟ್ಟಷ್ಟೂ ಅದು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತಿತ್ತು. ಅಷ್ಟರಲ್ಲಿ ದಂಡೆಯ ಮೇಲೆ ಹೋಗುತ್ತಿದ್ದವರೊಬ್ಬರು ಬಂದು, ಮೊಳೆಯ ತುದಿಯಿಂದ ಪ್ರತಿ ಗಾಲಿಯ ವಾಲ್ವಿನ ನಡುವಿನ ಸೂಜಿಯನ್ನು ಒತ್ತಿ ಹಿಡಿದರು. ಗಾಳಿ ಸುಯ್ಯೆಂದು ಹೊರಬಂತು. ಗಾಲಿಯ ಹೊಟ್ಟೆ ಜೋತುಬಿತ್ತು. ಆಮೇಲೆ ಜೀಪು, ಏನೂ ನಡೆದೇ ಇಲ್ಲವೆಂಬಂತೆ, ಮೆಲ್ಲಗೆ ಮೇಲೆದ್ದು ಹೊರಟುಹೋಯಿತು.

ಕ್ರಮಬದ್ಧವಾಗಿ ತಿಳಿಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಬಿಡದೆ ಕೇಳಿ ತಿಳಿದುಕೊಂಡೆ. ಬಿಗಿಯಾಗಿ ತುಂಬಿದ ಗಾಲಿ ನೆಲವನ್ನು ಮುಟ್ಟುವುದು ಅಂಗೈಯಷ್ಟು ಜಾಗದಲ್ಲಿ. ಗಾಡಿಯ ಭಾರವೆಲ್ಲ ಆ ಅಂಗೈಯ ಮೇಲೆ. ಗಾಳಿಯನ್ನು ಸುಮಾರು ಅರ್ಧಕ್ಕೆ ಇಳಿಸಿದರೆ ಗಾಲಿ ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡು ನೆಲಕ್ಕೆ ಒರಗುತ್ತದೆ, ಭಾರ ಹಂಚಿಹೋಗುತ್ತದೆ, ಮರಳು ಹೊತ್ತುಕೊಳ್ಳುತ್ತದೆ. ಆದರೆ ಆ ಸ್ಥಿತಿಯಲ್ಲಿ ಓಟವೂ ಬೇಡ, ಗಕ್ಕನೆ ತಿರುವುವುದೂ ಬೇಡ, ಟೈರು ಕಬ್ಬಿಣದ ಬಳೆಯನ್ನು ಬಿಟ್ಟು ಕಳಚಿಕೊಳ್ಳುತ್ತದೆ. ಗಟ್ಟಿ ರಸ್ತೆ ಸಿಕ್ಕೊಡನೆ ಮತ್ತೆ ತುಂಬಿಸಲೇಬೇಕು. ಇದಕ್ಕೆ ವಿನಯದಿಂದ ಗೆಲ್ಲುವುದು ಎಂಬ ನೀತಿಯನ್ನು ಅಂಟಿಸಬಹುದೆಂದು ನಿಮಗೆ ಅನ್ನಿಸುತ್ತಿರಬಹುದು. ದಯವಿಟ್ಟು ಅಂಟಿಸಬೇಡಿ. ಮುಂದೆ ನಾನು ಹೇಳಲಿರುವ ದಿನ ನೀತಿಗೆ ಬಿಡುವಿರಲಿಲ್ಲ.

ಇಲ್ಲಿ ಒಂದು ಅಡ್ಡಮಾತು. ನಾನು ಈವರೆಗೆ ಮರಳು ಎಂದು ಬರೆದೆ. ಅದು ಪಠ್ಯಪುಸ್ತಕದ ಮಾತು. ಹಳಗನ್ನಡದಲ್ಲಿ ಅದು ಮಳಲ್. ಅಲ್ಲಿದ್ದ ಳಕಾರ ರೇಫಕ್ಕೆ ಸ್ಥಳ ಬಿಟ್ಟುಕೊಟ್ಟದ್ದನ್ನು ನಾನು ಪ್ರೀತಿಯಿಂದ ಪಾಠ ಮಾಡುತ್ತಿದ್ದೆ. ಹಾಗೆ ಹುಟ್ಟಿದ ಮರಳು ಎಂಬ ರೂಪ ನಾಮಪದವಾದರೆ ನದಿಯಲ್ಲಿರುತ್ತದೆ, ಕ್ರಿಯಾಪದವಾದರೆ ಮನೆಗೆ ಹಿಂದಿರುಗುತ್ತದೆ. ಆದರೆ ನಮ್ಮ ಭೀಮಾ ನದಿಯ ದಂಡೆಯಲ್ಲಿ ಯಾರೂ ಮರಳು ಎನ್ನುವುದಿಲ್ಲ. ನಮ್ಮದು ಉಸುಕು. ಅದಕ್ಕೆ ಹಿಂದಿರುಗುವ ಅರ್ಥವೇ ಇಲ್ಲ.

ಕಳೆದ ಬೇಸಗೆಯ ಒಂದು ಬೆಳಗ್ಗೆ ನನ್ನ ಅಕ್ಕ ಶರಣಮ್ಮ ತೀರಿಕೊಂಡಳು. ಎದೆನೋವು ಎಂದು ಕುಳಿತವಳು ಏಳಲಿಲ್ಲ. ಅವಳನ್ನು ಕೊಟ್ಟದ್ದು ಜೇವರ್ಗಿ ತಾಲೂಕಿನ ಒಂದು ಹಳ್ಳಿಗೆ, ಭೀಮೆಯ ಆಚೆ ದಂಡೆಗೆ. ನಾನೂ ಅವ್ವನೂ ಇರುವುದು ಆಳಂದದಲ್ಲಿ. ಭಾವ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಬಿಸಲಿಗಿ ಹೆಣ ಇಡಾಕ ಆಗೂದಿಲ್ಲವ್ವ. ಹೊತ್ತು ಮುಳುಗೂದ್ರಾಗ ಮಣ್ಣು ಮಾಡಬೇಕು. ಅತ್ತಿನ್ನ ಕರಕೊಂಡು ಲಗೂನ ಬಾ.”

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಣಿಯಲ್ಲಿ ಕುಳ್ಳಿರಿಸಿ, ವಿಭೂತಿಯನ್ನೂ ಬಿಲ್ವಪತ್ರೆಯನ್ನೂ ಸುರಿದು, ಮಣ್ಣು ಕೊಡುತ್ತೇವೆ. ಮಣ್ಣು ಮುಚ್ಚುವ ಮೊದಲು ಹತ್ತಿರದವರು ಮುಖ ನೋಡಬೇಕು. ಅವ್ವ ದಾರಿಯುದ್ದಕ್ಕೂ ಅಳಲಿಲ್ಲ. “ಮುಖಾ ಸಿಗತದಿಲ್ಲ?” ಎಂದು ಮಾತ್ರ ಕೇಳುತ್ತಿದ್ದಳು. ಸಿಗುತ್ತದೆ ಎಂದು ನಾನು ಹೇಳುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದನ್ನೇ ಕೇಳುತ್ತಿದ್ದಳು.

ಜೀಪು ಓಡಿಸುತ್ತಿದ್ದವನು ನಮ್ಮ ಓಣಿಯ ಮಹಿಬೂಬ. ಕಿಣ್ಣಿ ಸುಲ್ತಾನ, ನರೋಣಾ ಹಳ್ಳಿಗಳ ಹೊಲದಿಂದ ಎರೆಮಣ್ಣಿನ ದಾರಿಯಲ್ಲಿ ತೊಗರಿಚೀಲ ಹೇರಿಕೊಂಡು ಬರುವ ಹಳೆಯ ಜೀಪು ಅವನದು. ಫೋರ್ ವೀಲ್ ಎಂದು ಅದರ ಬಗ್ಗೆ ಅವನಿಗೆ ವಿಪರೀತ ಅಭಿಮಾನ. ಅಫಜಲಪುರ ದಾಟಿದ ಮೇಲೆ ಸೇತುವೆಯ ರಸ್ತೆಯಲ್ಲಿ ಕಬ್ಬಿನ ಲಾರಿಯೊಂದು ಅಡ್ಡಲಾಗಿ ಮಗುಚಿ ಬಿದ್ದಿತ್ತು. ಹಿಂದೆ ಮುಂದೆ ಗಾಡಿಗಳ ಸಾಲು. ಸುತ್ತಿ ಹೋದರೆ ಕತ್ತಲಾಗುವುದು ಖಂಡಿತ. “ಹೊಳಿ ಬತ್ತ್ಯದರಿ ಅಕ್ಕೋರ. ಉಸುಕಿನ್ಯಾಗ ಹಾಯ್ದು ಟ್ರ್ಯಾಕ್ಟರ್ ದಾಟತಾವ, ನಂದು ದಾಟಂಗಿಲ್ಲೇನು?” ಎಂದು ಮಹಿಬೂಬ ಜೀಪನ್ನು ಹೊಳೆಗೆ ಇಳಿಸಿದ.

ಟ್ರ್ಯಾಕ್ಟರುಗಳು ಉಸುಕು ಬಗೆದುಕೊಂಡು ಹೋದ ಗುಂಡಿಗಳು ಅಲ್ಲಲ್ಲಿ ಬಾಯ್ತೆರೆದಿದ್ದವು. ಅವುಗಳನ್ನು ತಪ್ಪಿಸುತ್ತ ಹೊಳೆಯ ನಡುವಿಗೆ ಬಂದಾಗ ಜೀಪು ನಿಂತಿತು. ಮಹಿಬೂಬ ಸಣ್ಣ ಗೇರು ಹಾಕಿದ, ದೊಡ್ಡ ಸದ್ದು ಮಾಡಿದ. ಗಾಲಿಗಳು ಉಸುಕನ್ನು ಹಿಂದಕ್ಕೆ ಎರಚುತ್ತ ಕೆಳಗಿಳಿದವು. ಆಚೆ ದಂಡೆಯಲ್ಲಿ ಭಾವನ ಹೊಲದಲ್ಲಿ ಜನ ನಿಂತದ್ದು ಕಾಣುತ್ತಿತ್ತು. ಕುಣಿಯ ಪಕ್ಕದ ಮಣ್ಣಿನ ಗುಡ್ಡೆಯೂ ಕಾಣುತ್ತಿತ್ತು. ನಡೆದು ಹೋಗೋಣವೆಂದರೆ ಅವ್ವನಿಗೆ ಮೊಣಕಾಲು ಮಡಚಲು ಬರುವುದಿಲ್ಲ. ಮೇಲೆ ಕಾದ ಉಸುಕು. ಸೂರ್ಯ ಇಳಿಯುತ್ತಿದ್ದ. ಭಾವನಿಗೆ ಫೋನು ಮಾಡಿದೆ. ಹಿಂದಿನಿಂದ ಯಾರೋ ಹಿರಿಯರು, “ಇನ್ನ ಕಾಯಾಕ ಬರೂದಿಲ್ಲಪಾ, ಹೊತ್ತು ಮೀರತದ” ಎನ್ನುತ್ತಿದ್ದರು.

ನಾನು ಜೀಪಿನಿಂದಿಳಿದು, ಕಾರವಾರವನ್ನು ನೆನೆದು, ಸ್ಪಷ್ಟವಾಗಿ ಹೇಳಿದೆ: “ಮಹಿಬೂಬ, ಗಾಳಿ ತೆಗೆ.”

ಅವನು ಹಿಂದಕ್ಕೆ ಓಡಿಹೋಗಿ ಗಾಲಿ ಬಿಚ್ಚುವ ಜ್ಯಾಕು, ಪಾನಾ ಹಿಡಿದುಕೊಂಡು ಬಂದ. “ಯಾವ ಗಾಲಿ ತಗೀಲಿರಿ? ಪಂಚರ್ ಅಂತೂ ಯಾವುದೂ ಆಗಿಲ್ಲ.”

“ಗಾಲಿ ಅಲ್ಲ, ಗಾಳಿ.”

“ಅದೇ ಅಂದ್ನೆಲ್ಲರಿ, ಗಾಲಿ.”

“ಲಕಾರ ಅಲ್ಲ, ಳಕಾರ! ನಾಲಿಗೆ ಮಡಚು. ಗಾಳಿ!”

ಮಹಿಬೂಬ ಜ್ಯಾಕನ್ನು ಉಸುಕಿನ ಮೇಲೆ ಇಟ್ಟ. “ನಮ್ಮ ಮನ್ಯಾಗ, ಉರ್ದುದಾಗ, ಗಾಲಿ ಅಂದ್ರ ಬೈಗುಳರಿ. ಹೊಳ್ಯಾಗ ನಿಂದರಿಸಿ ನನಗ ಬೈಯಾಕತ್ತೀರೇನು? ನಿಮ್ಮ ಳ ನನ್ನ ನಾಲಿಗಿಗಿ ಹತ್ತೂದಿಲ್ಲ. ನಮ್ಮ ಅಬ್ಬಾನ ಹೆಸರು ನೀವು ಬರೋಬ್ಬರಿ ಕರೀರಿ ನೋಡೂಣು! ಖಾಜಾ ಅನ್ನೂದು ಗಂಟಲದಿಂದ ಬರಬೇಕು. ನಿಮಗ ಬರತದೇನು?”

ಬರುವುದಿಲ್ಲ. ಆ ಗಂಟಲಿನ ಧ್ವನಿಗೆ ನನ್ನ ವರ್ಣಮಾಲೆಯಲ್ಲಿ ಅಕ್ಷರವೇ ಇಲ್ಲ. ಆದರೂ ನಾನು ಮತ್ತೊಮ್ಮೆ, ತರಗತಿಯ ಹಿಂದಿನ ಬೆಂಚಿಗೂ ಕೇಳಿಸುವಂತೆ, “ಗಾಳಿ!” ಎಂದು ಕೂಗಿದೆ.

ಜೀಪಿನೊಳಗಿಂದ ಅವ್ವ ಕೇಳಿದಳು: “ಗಾಳಿ ಬಡದಿತ್ತೇನು ಬೇ ಶರಣಿಗಿ?”

ನಾನು ಅವಳ ಬಾಗಿಲ ಬಳಿಗೆ ಓಡಿದೆ.

“ಎದಿ ನೋವು ಅಂದಿ ನನಗ. ಗಾಳಿ ಬಡದದ್ದು ಮುಚ್ಚಿಟ್ರೇನು? ಮೊದಲಽ ಹೇಳಿದ್ರ ಬಿಡಿಸಿಕೊಂಡು ಬರತಿದ್ದೆ. ಯಾವ ದೇವರ ಕಾಲಾದ್ರೂ ಹಿಡೀತಿದ್ದೆ. ಯಾರೂ ಹೇಳಲಿಲ್ಲಲ್ಲ ನನಗ!”

ಬೆಳಗಿನಿಂದ ಅಳದಿದ್ದ ಅವ್ವ ಆಗ ಅತ್ತಳು. ದೆವ್ವ ಸೋಕುವುದಕ್ಕೂ ನಮ್ಮಲ್ಲಿ ಗಾಳಿ ಎಂದೇ ಹೆಸರು. ನಾನು ಅಷ್ಟು ಶುದ್ಧವಾಗಿ ಉಚ್ಚರಿಸಿದ ಪದ ಮಹಿಬೂಬನಿಗೆ ಗಾಲಿಯಾಗಿ, ಬೈಗುಳವಾಗಿ, ಕಡೆಗೆ ಅವ್ವನ ಪಾಲಿಗೆ ಮಗಳನ್ನು ತಿಂದ ದೆವ್ವವಾಗಿತ್ತು. ಅವಳ ಕೈ ಹಿಡಿದು, ಹಾಗೇನೂ ಇಲ್ಲ, ಟೈರಿನ ಮಾತು, ಅಕ್ಕನ ಮಾತಲ್ಲ ಎಂದೆ. ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಮಹಿಬೂಬನ ಕಡೆಗೆ ತಿರುಗಿದಾಗ ಬಾಯಿಂದ ತಾನಾಗಿ ಬಂದ ಪದ ಬೇರೆ. ಮಕ್ಕಳ ಪ್ರಬಂಧಗಳಲ್ಲಿ ಕಂಡಾಗಲೆಲ್ಲ ಅನ್ಯದೇಶ್ಯವೆಂದು ಕೆಂಪು ಶಾಯಿಯಿಂದ ಹೊಡೆದು ಹಾಕುತ್ತಿದ್ದ ಪದ.

“ಹವಾ. ಹವಾ ಬಿಡು ಮಹಿಬೂಬ.”

“ಹವಾನಾ?” ಎಂದ ಅವನು, “ಮೊದಲಽ ಅನ್ನಬಾರದೇನ್ರಿ!”

ಆದರೆ ಬಿಡಲಿಲ್ಲ. ಗಾಲಿಯ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಅದನ್ನು ಸವರಿದ. ತಿಂಗಳ ಹಿಂದೆ ಹಾಕಿಸಿದ ಹೊಸ ಟೈರುಗಳು. ಆಚೆ ದಂಡೆಯಲ್ಲಿ ಹವಾ ತುಂಬಿಸುವ ಅಂಗಡಿಯಿಲ್ಲ; ಡಾಂಬರು ರಸ್ತೆಯವರೆಗೆ ಬರೀ ಕಲ್ಲು. ಸಡಿಲ ಟೈರು ಆ ಕಲ್ಲಿನ ಮೇಲೆ ಉರುಳಿದರೆ ಪಕ್ಕೆ ಸೀಳುತ್ತದೆ. ಇದನ್ನೆಲ್ಲ ನಾನೂ ಬಲ್ಲೆ, ಅವನೂ ಬಲ್ಲ. ಅವನು ಒಮ್ಮೆ ಸೂರ್ಯನನ್ನು ನೋಡಿದ, ಒಮ್ಮೆ ಅವ್ವನನ್ನು ನೋಡಿದ. “ಟಯರ್ ಹೋದ್ರ ಹೋಗಲಿ. ಅಮ್ಮಾಗ ಮುಖಾ ಸಿಗಲಿ” ಎಂದು ಕೀಲಿಕೈಯ ತುದಿಯಿಂದ ವಾಲ್ವನ್ನು ಒತ್ತಿದ.

ಅವನು ಮುಂದಿನ ಎರಡು, ನಾನು ಹಿಂದಿನ ಎರಡು. ಗಾಳಿ ಹೊರಬರುವ ಸದ್ದು ಯಾರೋ ನಿಟ್ಟುಸಿರು ಬಿಡುತ್ತಲೇ ಇದ್ದಂತೆ ಕೇಳಿಸಿತು. ಇಂಥ ಉಪಮೆಯನ್ನು ಬೇರೆ ದಿನವಾಗಿದ್ದರೆ ನಾನೇ ಸವಕಲು ಎಂದು ತಿದ್ದುತ್ತಿದ್ದೆ. ಗಾಲಿಗಳ ಮುಂದಿನ ಉಸುಕನ್ನು ಕೈಯಿಂದ ಬಗೆದೆವು. ಮಹಿಬೂಬ ಮೆಲ್ಲಗೆ, ಹಸುಗೂಸನ್ನು ಎತ್ತುವಷ್ಟು ಮೆಲ್ಲಗೆ, ಜೀಪನ್ನು ಎಬ್ಬಿಸಿದ. ಅದು ಒಮ್ಮೆ ಓಲಾಡಿ ಮೇಲೆ ಬಂತು. ಆಮೇಲೆ ಎಲ್ಲಿಯೂ ನಿಲ್ಲಿಸಲಿಲ್ಲ, ಎಲ್ಲಿಯೂ ಗಕ್ಕನೆ ತಿರುವಲಿಲ್ಲ. ನಾನು ಒಂದೇ ಒಂದು ಸಲಹೆಯನ್ನೂ ಕೊಡಲಿಲ್ಲ.

ದಂಡೆ ಹತ್ತಿ ಹೊಲ ಸೇರಿದಾಗ ಸೂರ್ಯ ಕೆಂಪಗೆ ನೆಲ ಮುಟ್ಟುತ್ತಿದ್ದ. ಜನ ದಾರಿ ಬಿಟ್ಟರು. ಕುಣಿಯೊಳಗೆ ನೋಡಿದೆ. ಅಕ್ಕನನ್ನು ಕುಳ್ಳಿರಿಸಿ ಮಣ್ಣು ಹಾಕಿ ಆಗಿತ್ತು. ಆದರೆ ಕೊರಳವರೆಗೆ ಮಾತ್ರ. ಹಿರಿಯರ ಅವಸರಕ್ಕೆ ಭಾವ ಅಷ್ಟನ್ನು ಬಿಟ್ಟುಕೊಟ್ಟು, ಅಷ್ಟಕ್ಕೆ ನಿಲ್ಲಿಸಿದ್ದರು. ಬಿಲ್ವಪತ್ರೆಯ ಮೇಲೆ, ವಿಭೂತಿ ಬಳಿದ ಮುಖವೊಂದೇ ಮಣ್ಣಿನಿಂದ ಅರಳಿದಂತೆ ಹೊರಗಿತ್ತು. ಭಾವ ಸಲಿಕೆಯನ್ನು ತಮ್ಮ ಕಾಲ ಕೆಳಗೆ ಮೆಟ್ಟಿಕೊಂಡು ನಿಂತಿದ್ದರು. “ಯಾರಿಗೂ ಕೊಟ್ಟಿಲ್ಲ ನೋಡ್ರಿ ಅತ್ತಿ” ಎಂದರು ಅವ್ವನಿಗೆ.

ನಾಲ್ಕು ಜನ ಅವ್ವನನ್ನು ಎತ್ತಿ ಕುಣಿಯ ಅಂಚಿಗೆ ಕುಳ್ಳಿರಿಸಿದರು. ಮಡಚಲು ಬಾರದ ಕಾಲುಗಳನ್ನು ಕೆಳಗೆ ಇಳಿಬಿಟ್ಟು ಅವಳು ಮಗಳ ತಲೆಗೆ ಕೈ ಚಾಚಿದಳು. ಎಟುಕಿತು. ಬೈತಲೆಯ ಮೇಲೆ ಬಿದ್ದಿದ್ದ ಒಂದು ಮಣ್ಣಿನ ಹೆಂಟೆಯನ್ನು ಸರಿಸಿದಳು, ಶಾಲೆಗೆ ಕಳಿಸುವಾಗ ಜಡೆ ತಿದ್ದುತ್ತಿದ್ದ ಹಾಗೆಯೇ. ಬಹಳ ಹೊತ್ತು ನೋಡಿದಳು. ಯಾರೂ ಹೊತ್ತಿನ ಮಾತೆತ್ತಲಿಲ್ಲ.

“ಬಂದೀನಿ ಬೇ,” ಎಂದಳು. “ಇನ್ನ ಹೋಗು.”

ಭಾವ ಕಾಲು ತೆಗೆದರು. ಮತ್ತೆ ಮಣ್ಣು ಬಿತ್ತು.

ವಿಧ್ಯರ್ಥಕ ಕ್ರಿಯಾಪದವು ಆಜ್ಞೆಯನ್ನೋ, ಅಪ್ಪಣೆಯನ್ನೋ, ಹಾರೈಕೆಯನ್ನೋ, ಆಶೀರ್ವಾದವನ್ನೋ ಸೂಚಿಸುತ್ತದೆ. ಸಂದರ್ಭ ನೋಡಿ ಯಾವುದೆಂದು ನಿರ್ಣಯಿಸಬೇಕು ಎಂದು ನಾನು ಬಹುಕಾಲ ಕಲಿಸಿದ್ದೇನೆ. ಎರಡು ಉತ್ತರ ಬರೆದ ಮಕ್ಕಳಿಗೆ ಸೊನ್ನೆಯನ್ನೂ ಹಾಕಿದ್ದೇನೆ. ಅವ್ವನ ‘ಹೋಗು’ ಈ ನಾಲ್ಕರಲ್ಲಿ ಯಾವುದು ಎಂದು ಯಾರಾದರೂ ನನ್ನನ್ನೇ ಕೇಳಿದರೆ, ನಾಲ್ಕನ್ನೂ ಬರೆದು, ಸೊನ್ನೆಯನ್ನು ಕೈಯೊಡ್ಡಿ ತೆಗೆದುಕೊಳ್ಳುತ್ತೇನೆ.