ಉತ್ತರ ಬರುವವರೆಗೂ ಏಳದ ಗಾದಿಲಿಂಗ

ಬೆಳಿಗ್ಗೆ ಆರೂ ಕಾಲು. ಕಡ್ಡಿರಾಂಪುರದ ರಸ್ತೆಬದಿ ಹೋಟೆಲಿನವರು ಇನ್ನೂ ಬಾಣಲೆಗೆ ಎಣ್ಣೆ ಸುರಿದಿಲ್ಲ. ಹಂಪಮ್ಮನವರ ಹೋಂಸ್ಟೇ ಪಡಸಾಲೆಯಲ್ಲಿ ಮಾತ್ರ ಕಂಪ್ಯೂಟರ್ ಬೆಳಗುತ್ತಿದೆ. ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತವರು ನಲವತ್ತಾರರ ಗಾದಿಲಿಂಗ. ಚಿತ್ತವಾಡ್ಗಿಯಿಂದ ಮೊಪೆಡ್ಡಿನಲ್ಲಿ ಬಂದವರು ನೀರನ್ನೂ ಕೇಳಿಲ್ಲ. "ಅಕ್ಕಾ, ಹೋಗದಂಗ ಕುಂತಾವಲ್ಲ ಮೇಲ್, ಮೊದಲ ಅವನ್ನ ತೋರಸ್ರಿ" ಎನ್ನುತ್ತಾರೆ.

ಹಂಪಮ್ಮನವರ ಸಂಕಟ ಇಷ್ಟೇ. ಹೊಸ ಕಂಪ್ಯೂಟರ್ ತಂದಾಗಿನಿಂದ ಮೇಲ್ ಬರುತ್ತವೆ, ಹೋಗುವುದಿಲ್ಲ. ಹೋದ ವರ್ಷ ಇಲ್ಲೇ ತಂಗಿದ್ದ ಜಪಾನಿನ ಹತ್ತು ಜನ ಮತ್ತೆ ಕೊಠಡಿ ಕೇಳಿದ್ದಾರೆ. ಇವರು ಬರೆದ ಉತ್ತರ ಒಂದೂ ಅವರನ್ನು ಮುಟ್ಟಿಲ್ಲ. ಫೋನ್ ಮಾಡೋಣವೆಂದರೆ ಅವರ ನಂಬರು, ಕೆಟ್ಟುಹೋದ ಹಳೆಯ ಕಂಪ್ಯೂಟರಿನಲ್ಲೇ ಉಳಿದಿದೆ. ಇವತ್ತು ಭಾರತದ ಸಮಯ ಬೆಳಿಗ್ಗೆ ಎಂಟೂವರೆಯೊಳಗೆ ಉತ್ತರ ಬಾರದಿದ್ದರೆ ಬೇರೆ ಮನೆ ನೋಡಿಕೊಳ್ಳುತ್ತೇವೆ ಎಂದು ನಿನ್ನೆ ಸಂಜೆ ಬರೆದಿದ್ದಾರೆ. "ಬಾಗಿಲಿಗೆ ಬಂದೋರ್ನ ಮಾತಾಡ್ಸದ ಕಳಿಸಿದಂಗ ಆತಲ್ಲಪ" ಎಂದು ಹಂಪಮ್ಮ ಕೈ ಹಿಸುಕಿಕೊಳ್ಳುತ್ತಾರೆ.

ಕಂಪ್ಯೂಟರ್ ರಿಪೇರಿ ಮಾಡುವವರು ಹೊಸಪೇಟೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಮನೆಮನೆಗೆ ಹೋಗಿ, ಮೇಲ್ ಹೊರಗೆ ಹೋಗುವ ದಾರಿಯನ್ನೇ ಸರಿಮಾಡಿಕೊಡುವ ಗಾದಿಲಿಂಗರಿಗೆ ಅಂಗಡಿಯೂ ಇಲ್ಲ, ಬೋರ್ಡೂ ಇಲ್ಲ. ಹಂಪಿ, ಸಂಡೂರು, ಕಂಪ್ಲಿ ಎಂದು ವಾರಕ್ಕೆ ಐದಾರು ಮನೆ. ಹದಿಮೂರು ವರ್ಷದಲ್ಲಿ ಮೂರು ಸಾವಿರ ಮನೆ ದಾಟಿರಬಹುದು ಎನ್ನುತ್ತಾರೆ, ಅದೂ ನಾನು ಒತ್ತಾಯಿಸಿ ಕೇಳಿದ್ದಕ್ಕೆ.

ಹುಟ್ಟೂರು ಚೋರನೂರು. ಪಿಯುಸಿ ಮುಗಿಯಲಿಲ್ಲ. ಸಂಡೂರಿನ ಗಣಿಯೊಂದರಲ್ಲಿ ತೂಕಕ್ಕೆ ಬಂದ ಲಾರಿಗಳ ನಂಬರು ಟೈಪ್ ಮಾಡುತ್ತಿದ್ದರು. ಗಣಿ ನಿಂತಿತು, ಕೆಲಸವೂ ನಿಂತಿತು. ಹೆಂಡತಿ ಯಮನಮ್ಮನ ಹೊಲಿಗೆ ಯಂತ್ರ ಎರಡು ವರ್ಷ ಮನೆ ನಡೆಸಿತು. ಇವರು ಹೊಸಪೇಟೆಯ ಇಂಟರ್ನೆಟ್ ಅಂಗಡಿಯಲ್ಲಿ ಕಸ ಗುಡಿಸುತ್ತ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೀಲಿಗಳ ಮೇಲೆ ಕೈಯಾಡಿಸುತ್ತಿದ್ದರು. "ಕೆಡಿಸಿ ಕೆಡಿಸಿ ಕಲ್ತೆ ರೀ. ಅಂಗಡಿಯವ್ರು ಹೊರಗ ಹಾಕ್ತಿದ್ರು, ಆದ್ರ ನಾ ಕೆಡಿಸಿದ್ದು ನನಗ ಬಿಟ್ರ ಯಾರಿಗೂ ಸರಿ ಮಾಡಾಕ ಬರ್ತಿರ್ಲಿಲ್ಲ."

ಕೂತಿರುವ ಮೇಲ್ ಮೊದಲು ನೋಡಬೇಕೆಂಬ ಪಾಠ ಕಲಿಸಿದ್ದು ಕಂಪ್ಲಿ. ಅಕ್ಕಿ ಗಿರಣಿಯ ಕೊಟ್ರಯ್ಯನವರು ಮಗಳ ನಿಶ್ಚಿತಾರ್ಥದ ಕರೆಯೋಲೆಯನ್ನು ಮೇಲ್ ಮಾಡಿದ್ದರು. ಅದು ಹೋಗದೆ ಕಂಪ್ಯೂಟರಿನಲ್ಲೇ ಕೂತಿತ್ತು. ಅಷ್ಟರಲ್ಲಿ ಹಿರಿಯರು ದಿನವನ್ನು ವಾರ ಮುಂದೆ ಹಾಕಿ, ಎಲ್ಲರಿಗೂ ಫೋನಿನಲ್ಲಿ ತಿಳಿಸಿದ್ದರು. ಗಾದಿಲಿಂಗ ಬಂದು ದಾರಿ ಸರಿ ಮಾಡಿದ್ದೇ ತಡ, ಹಳೆಯ ತಾರೀಖಿನ ಕರೆಯೋಲೆ ಮೂವತ್ತೊಂದು ಮನೆಗೆ ಹಾರಿತು. ದಿನ ಮತ್ತೆ ಹಿಂದೆ ಬಂತೆಂದು ತಿಳಿದ ಗಂಗಾವತಿಯ ನೆಂಟರು ಎರಡು ಕಾರು ತುಂಬ ಬಂದಿಳಿದರು. ಕೊಟ್ರಯ್ಯ ಎಲ್ಲರಿಗೂ ಊಟ ಹಾಕಿದರು. ಗಾದಿಲಿಂಗರನ್ನೂ ಕರೆಸಿ ಪಂಕ್ತಿಯಲ್ಲಿ ಕೂರಿಸಿದರು. "ಬೈದಿದ್ರ ಮರೀತಿದ್ದೆ ರೀ. ಹೋಳಿಗಿ ಬಡಿಸಿದ್ರು, ಇನ್ನೂ ಮರ್ತಿಲ್ಲ."

ಹಂಪಮ್ಮನವರ ಕಂಪ್ಯೂಟರಿನಲ್ಲಿ ಕೂತಿರುವುದು ಜಪಾನಿನವರಿಗೆ ಬರೆದ ಆರು ಉತ್ತರ. ಗಾದಿಲಿಂಗ ಒಂದೊಂದನ್ನೂ ಅವರಿಂದಲೇ ಓದಿಸುತ್ತಾರೆ. ಮೊದಲೆರಡರಲ್ಲಿ 'ಆ ದಿನಗಳಿಗೆ ಕೊಠಡಿ ಇಲ್ಲ' ಎಂದಿದೆ. ಆಮೇಲೆ ಅದೇ ದಿನಗಳಿಗೆ ಕೊಠಡಿ ಹಿಡಿದಿದ್ದ ಬಳ್ಳಾರಿಯ ಕುಟುಂಬವೊಂದು ಬರುವುದಿಲ್ಲ ಎಂದಿದ್ದರಿಂದ ಉಳಿದವುಗಳಲ್ಲಿ 'ಬನ್ನಿ' ಎಂದಿದೆ. ಆರೂ ಒಟ್ಟಿಗೆ ಹೋಗಿದ್ದರೆ? ಹಂಪಮ್ಮ ಹಣೆ ಚಚ್ಚಿಕೊಳ್ಳುತ್ತಾರೆ. ಕೊನೆಯದೊಂದನ್ನು ಉಳಿಸಿ ಐದನ್ನು ಅಳಿಸಿದ್ದಾಯಿತು.

ಇನ್ನು ದುರಸ್ತಿ. "ಒಳಗ ಬರೋ ಬಾಗಲಾ ಬ್ಯಾರೆ, ಹೊರಗ ಹೋಗೋ ಬಾಗಲಾ ಬ್ಯಾರೆ, ಅಕ್ಕಾ. ಹೊರಗಿನ ಬಾಗಲದಾಗೂ ಹೆಸರು, ಪಾಸ್‌ವರ್ಡ್ ಕೇಳ್ತಾರ. ನೀವು ಕೊಟ್ಟಿಲ್ಲ." ಮೇಲ್ ಹೊರಹೋಗುವ ದಾರಿಗೆ 'ಪೋರ್ಟ್' ಎಂಬ ನಂಬರು ಇರುತ್ತದೆ; ಹಿಂದೆ ನಡೆಯುತ್ತಿದ್ದ ಇಪ್ಪತ್ತೈದು ಈಗ ಬಹಳ ಕಡೆ ಬಂದ್, ಅದರ ಬದಲು ಐನೂರ ಎಂಬತ್ತೇಳು ಹಾಕಿಸುತ್ತಾರೆ. ತಾವು ಕೀಲಿ ಮುಟ್ಟುವುದಿಲ್ಲ, ಹಂಪಮ್ಮನವರ ಬೆರಳೇ ಒತ್ತಬೇಕು. ಪಾಸ್‌ವರ್ಡ್ ಬಂದಾಗ ಗೋಡೆಯ ಕಡೆ ಮುಖ ತಿರುಗಿಸಿ ಕೂರುತ್ತಾರೆ.

ಆರು ಐವತ್ತಕ್ಕೆ ಮೇಲ್ ಹೋಗುತ್ತದೆ. ಗಾದಿಲಿಂಗ ಮಾತ್ರ ಏಳುವುದಿಲ್ಲ. ಹೋಯಿತು ಎಂದು ಕಂಪ್ಯೂಟರ್ ಹೇಳಿದರೆ ಅವರಿಗೆ ಸಾಲದು, ಮುಟ್ಟಿತು ಎಂದು ಮನುಷ್ಯರು ಹೇಳಬೇಕು. ಎರಡು ಲೋಟ ಚಹಾ ಬಂದು ಹೋಗುತ್ತದೆ. ಹಂಪಮ್ಮ ಅಡುಗೆಮನೆಗೂ ಪಡಸಾಲೆಗೂ ಓಡಾಡುತ್ತಾರೆ. ಏಳು ಇಪ್ಪತ್ತಕ್ಕೆ ಉತ್ತರ: ಹತ್ತೂ ಜನ ಬರುತ್ತಾರೆ, ಹೋದ ವರ್ಷದ ಶೇಂಗಾ ಚಟ್ನಿ ಇರಲೇಬೇಕಂತೆ.

ಹಂಪಮ್ಮ ಪರದೆಯ ಮೇಲೆ ಬೆರಳಿಟ್ಟು ಎರಡು ಸಲ ಓದುತ್ತಾರೆ. ಮರುಗಳಿಗೆ ಸಂಡೂರಿನಲ್ಲಿರುವ ಮಗಳು ಕಾವ್ಯಳಿಗೆ ಫೋನ್: "ನಾನ ಸರಿ ಮಾಡೀನಿ ನೋಡವಾ, ಎಲ್ಲಾ ನನ್ನ ಕೈಲೆ."

ಅಂಗಳದಲ್ಲಿ ಮೊಪೆಡ್ ತಿರುಗಿಸುತ್ತಿದ್ದ ಗಾದಿಲಿಂಗರನ್ನು ಕೇಳಿದೆ: ನಿಮ್ಮ ಹೆಸರನ್ನೇ ಎತ್ತಲಿಲ್ಲವಲ್ಲ?

"ಖರೇನ ಹೇಳ್ಯಾರ ರೀ, ಅವರ ಮಾಡ್ಯಾರ. ಇನ್ನೊಮ್ಮೆ ಕೆಟ್ರ ನನ್ನ ಕರಿಯೋದು ಬ್ಯಾಡ ಅವ್ರಿಗೆ. ನಾ ಹೋದ ಮನಿ ಭಾಳ ಅದಾವ್ರಿ, ಎರಡನೇ ಸಲ ಹೋದ ಮನಿ ಭಾಳ ಕಡಿಮಿ."